ಸರಕಾರ ಬಾಡಿಗೆ ಕಟ್ಟುವ ಮನೆ

ನಮ್ಮ ಮನೆಯ ಫೋನು ಅಡುಗೆಮನೆಯಲ್ಲಿದೆ. ಅದು ಇರಬೇಕಾದ ಜಾಗ ಅದಲ್ಲವೆಂದು ಬಂದವರೆಲ್ಲ ಹೇಳುತ್ತಾರೆ; ಅದರ ಸುರುಳಿ ವಾಯರಿಗೆ ಒಗ್ಗರಣೆಯ ಜಿಡ್ಡು ಹತ್ತಿದೆ, ಅಂಕಿಗಳ ನಡುವೆ ಸಾಸಿವೆ ಸಿಡಿದ ಕಪ್ಪು ಚುಕ್ಕೆಗಳು ಕುಳಿತಿವೆ, ರಿಸೀವರನ್ನು ಕಿವಿಗೆ ಹಿಡಿದರೆ ಆ ಕಡೆಯವರಿಗಿಂತ ಮೊದಲು ಬೆಳ್ಳುಳ್ಳಿಯ ವಾಸನೆಯೇ ಮಾತಾಡುತ್ತದೆ. ಆದರೂ ನಾನದನ್ನು ಅಲ್ಲಿಂದ ಕಿತ್ತಿಲ್ಲ. ಭಾನುವಾರ ಬೆಳಗ್ಗೆ ನನ್ನ ಹೆಂಡತಿ ಸರೋಜಾ ರೊಟ್ಟಿ ಬಡಿಯುವ ಸಪ್ಪಳದ ನಡುವೆ ನಾನು ಆ ವಾಯರನ್ನು ಬೆರಳಿಗೆ ಸುತ್ತಿಕೊಂಡು ಲೋಕಕ್ಕೆ ಬುದ್ಧಿ ಹೇಳುತ್ತಿರುತ್ತೇನೆ: ಹಳೆಯ ವಾಷಿಂಗ್ ಮಶೀನು ಕೊಳ್ಳುವಾಗ ಎಲ್ಲಿ ಕೈಯಾಡಿಸಿ ನೋಡಬೇಕು, ಯಾವ ಊರಲ್ಲಿ ಮನೆ ಹಿಡಿದರೆ ರೈಲು ಸಿಕ್ಕೀತು, ಕರಾರುಪತ್ರಕ್ಕೆ ಸಹಿ ಹಾಕುವ ಮುನ್ನ ಯಾಕೆ ಒಂದು ನಿದ್ದೆ ಮಾಡಿ ಏಳಬೇಕು. ಕೇಳಿದವರಿಗೆ ಹೇಳುತ್ತೇನೆ, ಕೇಳದವರಿಗೆ ಇನ್ನೂ ವಿಸ್ತಾರವಾಗಿ ಹೇಳುತ್ತೇನೆ. ಗದಗಿನ ಸಂತೆಯಲ್ಲಿ ಬದನೆಕಾಯಿ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು ನಮ್ಮವ್ವ ಕಲಿಸಿದ ವಿದ್ಯೆ ಇದು. ಒಂದು ಕಾಸು ಸುಮ್ಮನೆ ಜಾರಿದರೆ ಜ್ವರ ಬರುವ ದಕ್ಷಿಣ ಜರ್ಮನಿಯ ಈ ಶ್ವಾಬಿಯನ್ ಜನರ ನಡುವೆ ಬಂದಮೇಲೆ ಅದಕ್ಕೆ ಸಾಣೆ ಬಿದ್ದಿತು, ಅಷ್ಟೆ.

ಫೋನೆಂಬುದು, ಗೆಳೆಯರೇ, ಬಾಗಿಲಿಗಿಂತ ಮುಂಚಿನ ಬಾಗಿಲು. ಲೇಥ್ ಮಶೀನಿನ ಕೆಲಸ ಕಲಿತು ಈ ದೇಶಕ್ಕೆ ಬಂದ ಹೊಸತರಲ್ಲಿ ರಸ್ತೆಬದಿಯ ಗಾಜಿನ ಗೂಡಿನಲ್ಲಿ ನಿಂತು, ಪತ್ರಿಕೆಯಲ್ಲಿ ಗುರುತು ಹಾಕಿಕೊಂಡ ಮನೆಗಳಿಗೆಲ್ಲ ನಾನು ಫೋನು ಹಚ್ಚುತ್ತಿದ್ದೆ. ಕಂಠಪಾಠ ಮಾಡಿದ ಜರ್ಮನ್ ವಾಕ್ಯವಿನ್ನೂ ಅರ್ಧ ದಾರಿಯಲ್ಲಿರುವಾಗಲೇ ಆ ಕಡೆಯಿಂದ ಬಹಳ ಮರ್ಯಾದೆಯ ದನಿ ಬರುತ್ತಿತ್ತು: ಅಯ್ಯೋ, ಈಗಷ್ಟೇ ಬೇರೆಯವರಿಗೆ ಕೊಟ್ಟುಬಿಟ್ಟೆವಲ್ಲ. ಈಗಷ್ಟೇ ಹೋದ ಆ ಮನೆ ಮುಂದಿನ ಶನಿವಾರದ ಪತ್ರಿಕೆಯಲ್ಲಿ ಮತ್ತೆ ಹಲ್ಲು ಕಿರಿದುಕೊಂಡು ಕೂತಿರುತ್ತಿತ್ತು. ಬೈಗುಳಕ್ಕೆ ಎದುರುಬೈಗುಳವಿದೆ, ಹೊಡೆತಕ್ಕೆ ಮರುಹೊಡೆತವಿದೆ. ಮರ್ಯಾದೆಯಿಂದ ಮುಚ್ಚಿದ ಬಾಗಿಲಿಗೆ ಏನು ಮಾಡುತ್ತೀರಿ? ನಾನು ಮಾಡಿದ್ದು ಇಷ್ಟು: ಯಾರಿಗೂ ಬೇಡವಾದ, ಗೋಡೆ ಬೆವರುವ, ಕೊಳವೆ ಕೊರಗುವ ಹಳೆಯ ಮನೆಗಳನ್ನು ಹುಡುಕಿ, ಚೌಕಾಸಿ ಮಾಡಿ ಕೊಂಡು, ನನ್ನ ಕೈಯಾರೆ ರಿಪೇರಿ ಮಾಡಿದೆ. ಬಾಡಿಗೆಗೆ ಮನೆ ಕೊಡದ ಊರಿನಲ್ಲಿ ಬಾಡಿಗೆಗೆ ಮನೆ ಕೊಡುವವನಾದೆ. ಇದರಲ್ಲಿ ಸೇಡಿನ ಸುಖವಿಲ್ಲವೆಂದು ಹೇಳಿದರೆ ನೀವು ನಂಬಬೇಡಿ.

ಈಗ ಎಲ್ಲರ ಬಾಯಲ್ಲೂ ಗ್ರೀನ್ ಕಾರ್ಡು, ಅಮೆರಿಕದ್ದಲ್ಲ, ಇಲ್ಲಿಯದು. ಕಂಪ್ಯೂಟರ್ ಬಲ್ಲವರು ಬನ್ನಿ ಬನ್ನಿ ಎಂದು ಸರಕಾರವೇ ಕರೆದ ಮೇಲೆ ನಮ್ಮ ಹುಬ್ಬಳ್ಳಿ, ಬೆಳಗಾವಿ, ಬಾಗಲಕೋಟೆಯ ಹುಡುಗರು ಸೂಟ್‌ಕೇಸಿನಲ್ಲಿ ಕುಕ್ಕರು, ಎದೆಯಲ್ಲಿ ಐದು ವರ್ಷದ ಪರವಾನಗಿ ಇಟ್ಟುಕೊಂಡು ಇಳಿಯುತ್ತಿದ್ದಾರೆ. ಇಳಿದವರಿಗೆ ಮನೆ ಬೇಕು. ಮನೆಯೆಂದರೆ ಪಾಟೀಲ ಕಾಕಾನ, ಎಂದರೆ ನನ್ನ, ಫೋನು. ರೆನ್ನಿಂಗೆನ್ ಊರಿನ ಮೂರು ಮಹಡಿಯ ಕಟ್ಟಡದಲ್ಲಿ ನನ್ನದೊಂದು ನಡುಮಹಡಿಯ ಮನೆ ಖಾಲಿಯಾದಾಗ, ಅದು ತಮ್ಮಲ್ಲೊಬ್ಬರಿಗೇ ಬರುತ್ತದೆಂದು ಅವರೆಲ್ಲ ನಂಬಿದ್ದರು. ಅದರಲ್ಲೂ ಹುಬ್ಬಳ್ಳಿಯ ವಿನಾಯಕ ಆ ಮನೆಯನ್ನು ಹೊರಗಿನಿಂದಲೇ ನೋಡಿ ಬಂದು, ದೇವರ ಫೋಟೋ ಎಲ್ಲಿ ಇಡಬೇಕೆಂಬುದನ್ನು ಊರಿನಲ್ಲಿದ್ದ ಹೆಂಡತಿಗೂ ಹೇಳಿ ಮುಗಿಸಿದ್ದ.

ಆದರೆ ಅವನ ಫೋನಿಗಿಂತ ಮುಂಚೆ ಇನ್ನೊಂದು ಫೋನು ಬಂದಿತ್ತು. ಹೆಂಗಸಿನ ದನಿ, ನಡುವಯಸ್ಸಿನದು, ಸಿಗರೇಟಿನಿಂದ ಸ್ವಲ್ಪ ಒರಟಾದದ್ದು. ನಾನು ಹೆಸರು ಹೇಳಿ ಮುಗಿಸುವ ಮೊದಲೇ ಅವಳು ಹೇಳಿದಳು: “ನನ್ನ ಹೆಸರು ಕ್ರೇಮರ್. ನನ್ನ ಬಾಡಿಗೆಯನ್ನು ಕಟ್ಟುವುದು ನಾನಲ್ಲ, ಸರಕಾರ. ಇಷ್ಟು ಕೇಳಿ ಫೋನು ಇಡುವುದಿದ್ದರೆ ಈಗಲೇ ಇಡಿ, ನನಗೂ ನಾಣ್ಯ ಉಳಿಯುತ್ತದೆ.”

ನನ್ನ ಕೈ ವಾಯರಿನ ಸುರುಳಿಯಲ್ಲಿ ಸಿಕ್ಕಿಕೊಂಡಂತೆ ನಿಂತಿತು. ಅಂದು ನಾನು ಆ ಗಾಜಿನ ಗೂಡಿನಲ್ಲಿ ನಿಂತು ಹೇಳಬೇಕಿದ್ದ ಮಾತನ್ನು ಇವಳು ಹೇಳಿದ್ದಳು. ನಾಳೆ ಬಂದು ಮನೆ ನೋಡಿ ಎಂದೆ.

ಇಲ್ಲಿಯ ವ್ಯವಸ್ಥೆ ಗೊತ್ತಿಲ್ಲದವರಿಗೆ ಒಂದು ಮಾತು. ದುಡಿಮೆ ಕಳೆದುಕೊಂಡು ದಿಕ್ಕು ಕಾಣದವರಿಗೆ ಈ ದೇಶದಲ್ಲಿ ಸೊತ್ಸಿಯಾಲ್‌ಆಮ್ಟ್ ಎಂಬ ಕಚೇರಿಯಿದೆ. ಮನೆ ಅಳತೆಗೆ ಮೀರಿ ದೊಡ್ಡದಲ್ಲ, ಬಾಡಿಗೆ ಹದ್ದು ಮೀರಿಲ್ಲ ಎಂದು ಖಾತ್ರಿಯಾದರೆ, ‘ಇವರ ಬಾಡಿಗೆ ನಮ್ಮದು’ ಎಂದು ಕಚೇರಿ ಚೀಟಿ ಕೊಡುತ್ತದೆ. ಒಪ್ಪಂದವಾದರೆ ಹಣ ನೇರ ಮಾಲೀಕನ ಖಾತೆಗೇ ಬರುತ್ತದೆ. ಮಾಲೀಕರು ಆ ಚೀಟಿಯನ್ನು ಕಂಡರೆ ಗೋಡೆಗೆ ಬೂಷ್ಟು ಹತ್ತಿತೆಂಬಂತೆ ಹಿಂದೆ ಸರಿಯುತ್ತಾರೆ. ಫ್ರಾವ್ ಕ್ರೇಮರ್ (ಇಲ್ಲಿ ಶ್ರೀಮತಿಗೆ ಫ್ರಾವ್, ಶ್ರೀಯುತರಿಗೆ ಹೆರ್) ಕೆಲಸ ಮಾಡುತ್ತಿದ್ದ ಲಾಂಡ್ರಿ ಮುಚ್ಚಿತ್ತು, ಗಂಡ ಬಿಟ್ಟುಹೋಗಿದ್ದ, ಊರಾಡಳಿತದ ತಾತ್ಕಾಲಿಕ ವಸತಿಯಲ್ಲಿ ಪರರ ಕೆಮ್ಮು ಕೇಳುತ್ತ ಮಲಗುವುದು ಅವಳಿಗೆ ಸಾಕಾಗಿತ್ತು. ಮರುದಿನ ಮನೆ ನೋಡಲು ಬಂದವಳು ಇದನ್ನೆಲ್ಲ ವರದಿ ಒಪ್ಪಿಸುವವಳಂತೆ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿ, ನನ್ನ ಕನಿಕರಕ್ಕೆ ಬಾಯಿ ತೆರೆಯಲೂ ಅವಕಾಶ ಕೊಡದೆ, ಸೀದಾ ಅಡುಗೆಮನೆಗೆ ನಡೆದು ಸಿಂಕಿನ ಕೆಳಗೆ ಬಗ್ಗಿದಳು. “ಈ ಕೊಳವೆ ಸೋರುತ್ತದೆ. ಇದು ಸರಿಯಾಗದೆ ಸಹಿ ಇಲ್ಲ.” ಮನೆಯಿಲ್ಲದವಳು ಮನೆಯಿದ್ದವನಿಗೆ ಹಾಕಿದ ಷರತ್ತು! ಬದನೆಕಾಯಿಯ ಹುಳುಕನ್ನು ಬೆರಳಲ್ಲಿ ಒತ್ತಿ ತೋರಿಸುವ ಗಿರಾಕಿಯೇ ನಿಜವಾದ ಗಿರಾಕಿಯೆಂದು ನಮ್ಮವ್ವ ಹೇಳುತ್ತಿದ್ದಳು. ಆ ಸಂಜೆಯೇ ಕೊಳವೆ ಬದಲಿಸಿದೆ. ಮನೆ ಅವಳದಾಯಿತು.

ಸುದ್ದಿ ನಮ್ಮವರಲ್ಲಿ ಹಬ್ಬಲು ರೈಲೂ ಬೇಕಾಗಲಿಲ್ಲ. “ಏ ಗುರು, ಪಾಟೀಲ ಕಾಕಾಂದು ತಲಿ ಕೆಟ್ಟೈತಿ” ಎಂದು ಹುಡುಗರು ತಮ್ಮತಮ್ಮಲ್ಲೇ ಆಡಿಕೊಂಡದ್ದು ನನ್ನ ಕಿವಿಗೂ ಬಂತು. ವಿನಾಯಕ ಮಾತ್ರ ಮನೆಗೇ ಬಂದ. ಚಹಾ ಮುಟ್ಟಲಿಲ್ಲ.

“ಅಲ್ರೀ ಕಾಕಾ, ನಾವು ಟ್ಯಾಕ್ಸ್ ಕಟ್ಟೋರು. ನಮಗ ಬಿಟ್ಟು ಸರಕಾರದ ರೊಕ್ಕದಾಗ ಕುಂತು ಉಣ್ಣೋರಿಗೆ ಕೊಟ್ರಲ್ಲ. ನಮ್ಮ ಮಂದಿ ಅಂತ ಒಂದೀಟರ ಬ್ಯಾಡೇನು?”

“ನಿನಗ ಮನಿ ಕೊಡಾಕ ಹತ್ತು ಮಂದಿ ಅದಾರೋ ತಮ್ಮ. ಆಕಿಗೆ ನಾ ಒಬ್ಬಾಂವ.”

“ಹಂಗಾರ ಧರ್ಮಛತ್ರ ಅಂತ ಬೋರ್ಡ್ ಹಾಕ್ರಿ.”

ಸರೋಜಾ ಒಳಗಿನಿಂದಲೇ ಕೂಗಿದಳು: “ಬೋರ್ಡ್ ಯಾಕಪಾ, ನಿಮ್ಮ ಕಾಕಾನ ಬಾಯೇ ಸಾಕು, ಊರಿಗೆಲ್ಲ ಕೇಳಸ್ತೈತಿ. ಚಾ ಕುಡಿ, ಆರತೈತಿ.”

ಧರ್ಮಛತ್ರವೆಂಬ ಆ ಒಂದು ಮಾತು ನನ್ನನ್ನು ಕೆಣಕಿತು. ಯಾಕೆಂದರೆ ನಾನು ಧರ್ಮಿಷ್ಠನಲ್ಲ, ಆ ಆಪಾದನೆಯನ್ನು ಹೊರಲಾರೆ. ಲೆಕ್ಕ ನೋಡಿ. ಕಂಪನಿ ಮುಳುಗಬಹುದು, ಕೆಲಸ ಹೋಗಬಹುದು, ಐದು ವರ್ಷದ ಪರವಾನಗಿ ಮುಗಿದು ಜಾಣ ಹುಡುಗ ಕುಕ್ಕರು ಸಮೇತ ವಿಮಾನ ಹತ್ತಬಹುದು. ಬಡವರ ಬಾಡಿಗೆ ಕಟ್ಟುವ ಕಚೇರಿಗೆ ಮಾತ್ರ ಯಾರೂ ನೋಟೀಸು ಕೊಡುವುದಿಲ್ಲ. ಈಗಾಗಲೇ ಅಲ್ಲೊಂದು ಇಲ್ಲೊಂದು ಕಂಪನಿ ಬಾಗಿಲು ಹಾಕಿ, ಸೋಫಾ ಮಾರುವುದಿದೆ ಕಾಕಾ ಎಂದು ಫೋನುಗಳು ಬರತೊಡಗಿವೆ. ಮನೆ ಕೊಡುವವರೇ, ನನ್ನ ಬುದ್ಧಿಮಾತು ಕೇಳಿ: ಬಾಡಿಗೆದಾರನ ಟೈ ನೋಡಬೇಡಿ, ಬಾಡಿಗೆಯ ಬೇರು ನೋಡಿ.

ಇನ್ನು ಸರಕಾರದ ರೊಕ್ಕ ಎಂಬ ಮಾತು. ಸರಕಾರದ ರೊಕ್ಕ ಮುಟ್ಟದವನನ್ನು ತೋರಿಸಿ, ಅವನ ಕಾಲು ತೊಳೆಯುತ್ತೇನೆ. ಹೊಸ ಮನೆ ಕಟ್ಟಿಕೊಳ್ಳುವವರಿಗೆ ವರ್ಷವರ್ಷವೂ ಇಲ್ಲಿ ಸರಕಾರ ಹಣ ಕೊಡುತ್ತದೆ. ಅದರ ಹೆಸರು ಪ್ರೋತ್ಸಾಹ. ನನ್ನಂಥವನು ಹಳೆಯ ಮನೆ ರಿಪೇರಿ ಮಾಡಿದರೆ ತೆರಿಗೆಯಲ್ಲಿ ಬಿಡುತ್ತದೆ. ಅದರ ಹೆಸರು ರಿಯಾಯಿತಿ. ವಿನಾಯಕನನ್ನು ಗ್ರೀನ್ ಕಾರ್ಡು ಕೊಟ್ಟು ಕರೆಸುತ್ತದೆ. ಅದರ ಹೆಸರು ಆಹ್ವಾನ. ಲಾಂಡ್ರಿಯಲ್ಲಿ ಹಬೆ ಕುಡಿದು ದುಡಿದ ಹೆಂಗಸಿಗೆ ಸೂರು ಕೊಟ್ಟಾಗ ಮಾತ್ರ ಅದು ಬಿಟ್ಟಿ ಕೂಳು. ಒಂದೇ ಬೊಕ್ಕಸದಿಂದ ಇಳಿಯುವ ಹಣ ದಾರಿಯಲ್ಲಿ ಯಾರ ಮನೆಗೆ ಹೊರಟೆನೆಂದು ಕೇಳಿಕೊಂಡು ತನ್ನ ಜಾತಿ ಬದಲಿಸುತ್ತದೆ. ವಿನಾಯಕನಿಗೆ ಇದನ್ನೆಲ್ಲ ಹೇಳಿದೆ, ಒಪ್ಪಲಿಲ್ಲ. ನಂತರ ನಾನೇ ಅಲೆದು, ಅವನ ಪರವಾಗಿ ಚೌಕಾಸಿ ಮಾಡಿ, ಪಕ್ಕದ ಊರಿನಲ್ಲಿ ಒಳ್ಳೆಯ ಮನೆ ಹಿಡಿಸಿಕೊಟ್ಟೆ. ಅದನ್ನೂ ಅವನು ಮುಖ ಊದಿಸಿಕೊಂಡೇ ಒಪ್ಪಿಕೊಂಡ.

ನಿಜವಾದ ಯುದ್ಧ ಕಾದಿದ್ದದ್ದು ಆ ಕಟ್ಟಡದ ಮಾಲೀಕರ ಸಭೆಯಲ್ಲಿ. ನೆಲಮಹಡಿಯಲ್ಲಿ ಹೆರ್ ಬೋಯರ್ಲೆ, ನಿವೃತ್ತರು, ಕಟ್ಟಡದ ಕಣ್ಣು ಕಿವಿ ಮೂಗು ಮೂರೂ ಅವರೇ. ಮೇಲಿನ ಮಹಡಿಯಲ್ಲಿ ಒಬ್ಬ ಮೇಷ್ಟರು ಮತ್ತವರ ಹೆಂಡತಿ, ಬೋಯರ್ಲೆಯವರ ಮಾತಿಗೆ ತಲೆಯಾಡಿಸಿ ಕತ್ತು ಸವೆಸಿಕೊಂಡವರು. ನಡುವೆ ನಾನು. ಸಭೆ ಸೇರಿದ್ದು ಊರಿನ ಊಟದಂಗಡಿಯ ಹಿಂದಿನ ಕೋಣೆಯಲ್ಲಿ. ಬೋಯರ್ಲೆ ತಮಗೊಬ್ಬರಿಗೇ ಒಂದು ಲೋಟ ಸೇಬಿನ ರಸ ತರಿಸಿಕೊಂಡು ಮಾತು ತೆಗೆದರು.

“ಹೆರ್ ಪಾಟೀಲ್, ವ್ಯಕ್ತಿಯ ಮೇಲೆ ನಮಗೇನೂ ಇಲ್ಲ. ಆದರೆ ಆ ಥರದ ಜನ ಕೇರ್‌ವೋಖ ಮಾಡುವುದಿಲ್ಲ. ಇದು ಅನುಭವದ ಮಾತು.”

ಕೇರ್‌ವೋಖ ಎಂದರೆ ಗುಡಿಸುವ ವಾರ. ಈ ಶ್ವಾಬಿಯನ್ ಸೀಮೆಯಲ್ಲಿ ದೇವರ ಹತ್ತು ಆಜ್ಞೆಗಳ ನಂತರದ ಹನ್ನೊಂದನೆಯದು. ಕಟ್ಟಡದ ಮೆಟ್ಟಿಲು, ಹೊಸ್ತಿಲು, ಮುಂದಿನ ಕಾಲುದಾರಿಗಳನ್ನು ವಾರಕ್ಕೊಂದು ಮನೆಯವರು ಗುಡಿಸಿ ಒರೆಸಬೇಕು. ಯಾರ ಪಾಳಿಯೋ ಅವರ ಬಾಗಿಲಿಗೆ ಒಂದು ಮರದ ಫಲಕ ತೂಗುತ್ತದೆ; ಪಾಳಿ ಮುಗಿದಾಗ ಅವರದನ್ನು ಮುಂದಿನ ಬಾಗಿಲಿಗೆ ತೂಗುಹಾಕುತ್ತಾರೆ. ಮೆಟ್ಟಿಲು ಕೊಳೆಯಾಗಿಲ್ಲವಲ್ಲ ಎಂದು ಕೇಳಬಾರದು. ಕೊಳೆಗೂ ಅದಕ್ಕೂ ಸಂಬಂಧವಿಲ್ಲ, ನಮ್ಮಲ್ಲಿ ಹಸಿವಿಗೂ ಹಬ್ಬದ ಹೋಳಿಗೆಗೂ ಇರುವಷ್ಟೇ ಸಂಬಂಧ.

ನಾನು ತಟ್ಟನೆ ಚೌಕಾಸಿಗಿಳಿದೆ. ಅವಳು ಗುಡಿಸದೇ ಇರಬಹುದೆಂಬುದಷ್ಟೇ ನಿಮ್ಮ ಚಿಂತೆಯೇ? ಹಾಗಾದರೆ ಅವಳು ಗುಡಿಸುವುದೇ ಬೇಡ. ಅವಳ ಪಾಳಿಗೆ ನನ್ನ ಖರ್ಚಿನಲ್ಲಿ ಆಳು ಬಂದು ಒರೆಸಿ ಹೋಗುತ್ತಾನೆ. ಫಲಕ ಮೇಲಿನ ಮನೆಯಿಂದ ನೇರ ನೆಲಮಹಡಿಗೆ ಹೋಗಲಿ. ಇಷ್ಟಕ್ಕೆ ನೀವು ಅವಳ ತಂಟೆ ಬಿಡಬೇಕು. ಬೋಯರ್ಲೆ ಸೇಬಿನ ರಸ ಮುಗಿಸುವಷ್ಟರಲ್ಲಿ ವ್ಯವಹಾರ ಕುದುರಿತು. ಮನೆಗೆ ಬರುತ್ತ ರೈಲಿನ ಗಾಜಿನಲ್ಲಿ ನನ್ನದೇ ಮುಖ ಕಂಡು ನಾನೇ ಮೆಚ್ಚಿಕೊಂಡೆ.

ಫ್ರಾವ್ ಕ್ರೇಮರ್ ಬಂದು ನೆಲೆಸಿದಳು. ಕಿಟಕಿಗೆ ಪರದೆ ಬಂತು, ಕಟ್ಟೆಯ ಮೇಲೆ ಕುಂಡ ಬಂತು. ಕೆಲವು ವಾರಗಳ ಬಳಿಕ ಒಂದು ಮಧ್ಯಾಹ್ನ ಅವಳು ನಮ್ಮ ಬಾಗಿಲಲ್ಲಿ ನಿಂತಿದ್ದಳು, ಕೋಟಿನ ಗುಂಡಿ ಕತ್ತಿನವರೆಗೂ ಹಾಕಿಕೊಂಡು. ಸರೋಜಾ ಕೂರಿಸಿದರೂ ಕೂರಲಿಲ್ಲ.

“ಹೆರ್ ಪಾಟೀಲ್, ನನ್ನ ವಾರ ಎಲ್ಲಿ?”

ನನಗೆ ಅರ್ಥವಾಗಲಿಲ್ಲ.

“ಫಲಕ ಮೇಲಿನಿಂದ ಕೆಳಗೆ ನನ್ನ ಬಾಗಿಲು ದಾಟಿಕೊಂಡು ಹೋಗುತ್ತಿದೆ. ಯಾವನೋ ಬಂದು ನನ್ನ ಮೆಟ್ಟಿಲು ಒರೆಸಿ ಹೋಗುತ್ತಾನೆ. ಕೇಳಿದರೆ ಹೆರ್ ಬೋಯರ್ಲೆ ನಿಮ್ಮ ಹೆಸರು ಹೇಳಿ ನಗುತ್ತಾರೆ.”

ಉಪಕಾರ ಮಾಡಿದವನ ಹೆಮ್ಮೆಯಿಂದ ನಾನು ಎಲ್ಲವನ್ನೂ ವಿವರಿಸಿದೆ: ನಿಮಗೆ ಕಷ್ಟ ತಪ್ಪಿತು, ಅವರ ಬಾಯಿ ಮುಚ್ಚಿತು, ಆರಾಮಾಗಿರಿ. ಅವಳು ಕೊನೆಯವರೆಗೂ ಕೇಳಿದಳು. ಆಮೇಲೆ ಹೇಳಿದಳು: “ನನ್ನ ಊಟ ಕಚೇರಿಯದು. ಬಾಡಿಗೆ ಕಚೇರಿಯದು. ಚಳಿಗಾಲದ ಕೋಟಿಗೂ ಕಚೇರಿಯನ್ನೇ ಕೇಳಬೇಕು. ಆ ಕಟ್ಟಡದಲ್ಲಿ ಎಲ್ಲರ ಸಮಕ್ಕೆ ನಾನು ಕೊಡಬಹುದಾದದ್ದು ಒಂದೇ ಇತ್ತು. ಅದನ್ನು ನೀವು ನನ್ನ ಬೆನ್ನ ಹಿಂದೆ ಮಾರಿ ಬಂದಿರಿ. ಪಾಳಿ ಇಲ್ಲದವಳು ಆ ಮನೆಯಲ್ಲಿ ವಾಸಿಸುವುದಿಲ್ಲ, ಇಳಿದುಕೊಂಡಿರುತ್ತಾಳೆ, ಅಷ್ಟೆ. ಇಳಿದುಕೊಳ್ಳುವ ಜಾಗದಿಂದಲೇ ನಾನು ಬಂದದ್ದು. ಮುಂದಿನ ಸಲ ಫಲಕ ನನ್ನ ಬಾಗಿಲಿಗೆ ಬರದಿದ್ದರೆ ಬೀಗದಕೈ ತಂದುಕೊಡುತ್ತೇನೆ.”

ಅವಳು ಹೋದಮೇಲೆ ಸರೋಜಾ ಹೇಳಿದಳು: “ನಮ್ಮಲ್ಲಿ ಕಸಬರಗಿ ಕೈಯಾಗ ಕೊಟ್ರ ಅವಮಾನ. ಇಲ್ಲಿ ಕಸಗೊಂಡ್ರ ಅವಮಾನ ಆಗೇತಿ. ನಿಮಗರ ಹೆಂಗ ತಿಳೀಬೇಕು ಬಿಡ್ರಿ.”

ಎಷ್ಟು ನಿಜ! ನಾನು ಹುಟ್ಟಿದ ಓಣಿಯಲ್ಲಿ ಗುಡಿಸುವವರು ಒಂದು ಕಡೆ, ಗುಡಿಸಿಸಿಕೊಳ್ಳುವವರು ಇನ್ನೊಂದು ಕಡೆ. ಮನುಷ್ಯ ಮೇಲೇರಿದನೆಂದರೆ ಕೈಯಿಂದ ಕಸಬರಿಗೆ ಬಿತ್ತೆಂದೇ ಅರ್ಥ. ಆ ಓಣಿಯನ್ನು ಸಮುದ್ರದಾಚೆ ಬಿಟ್ಟು ಬಂದೆನೆಂದುಕೊಂಡಿದ್ದೆ. ಅದು ನನ್ನೊಳಗೇ ಕೂತು ನನ್ನ ಚೌಕಾಸಿಗೆ ಬೆಲೆ ಕಟ್ಟುತ್ತಿತ್ತು. ಗುಡಿಸದೇ ಇರುವುದೇ ದೊಡ್ಡ ಕೊಡುಗೆಯೆಂದು ನಾನು ಭಾವಿಸಿ, ಬೋಯರ್ಲೆಯವರಿಗೆ ಬೇಕಾಗಿದ್ದುದನ್ನು ಬೆಳ್ಳಿ ತಟ್ಟೆಯಲ್ಲಿಟ್ಟು ಕೊಟ್ಟು ಬಂದಿದ್ದೆ. ಅವರಿಗೆ ಬೇಕಾಗಿದ್ದುದು ಅವಳು ಗುಡಿಸುವುದಾಗಿರಲಿಲ್ಲ, ಅವಳು ಲೆಕ್ಕಕ್ಕಿಲ್ಲದಿರುವುದಾಗಿತ್ತು. ಬೆಲೆ ಗೊತ್ತಿಲ್ಲದ ಸರಕನ್ನು ಎಂದೂ ಚೌಕಾಸಿಗೆ ಇಡಬೇಡಿ. ಅದರಲ್ಲೂ ಸರಕು ಇನ್ನೊಬ್ಬರದಾಗಿದ್ದರೆ.

ಕುದುರಿದ ವ್ಯವಹಾರವನ್ನು ಮುರಿಯುವುದು ಕುದುರಿಸುವುದಕ್ಕಿಂತ ಕಷ್ಟ. ಮರುದಿನ ನಾನು ಬೋಯರ್ಲೆಯವರ ಬಾಗಿಲಿಗೆ ಹೋದೆ. ಫಲಕ ಅವರ ಬಾಗಿಲಲ್ಲೇ ತೂಗುತ್ತಿತ್ತು.

“ಮಾತು ಎಂದರೆ ಮಾತು, ಹೆರ್ ಪಾಟೀಲ್. ಸಭೆಯಲ್ಲಿ ಒಪ್ಪಿದ್ದು ನೀವೇ.”

“ಒಪ್ಪಿದ್ದೆ. ಆಮೇಲೆ ಇನ್ನೊಂದು ವಿಚಾರ ಹೊಳೆಯಿತು. ಒಂದು ಮಹಡಿಗೆ ಮಾತ್ರ ಆಳು ಯಾಕೆ? ಇಡೀ ಕಟ್ಟಡಕ್ಕೇ ಸ್ವಚ್ಛತೆಯ ಕಂಪನಿಯೊಂದನ್ನು ನೇಮಿಸೋಣ. ಮುಂದಿನ ಸಭೆಯಲ್ಲಿ ನಾನೇ ಸೂಚಿಸುತ್ತೇನೆ. ಮೇಷ್ಟರ ಹೆಂಡತಿಗೆ ಬೆನ್ನುನೋವಂತೆ, ಅವರ ಕೈ ಮೇಲೇಳುವುದು ಖಂಡಿತ. ಖರ್ಚನ್ನು ಮೂರೂ ಮನೆಯವರು ಹಂಚಿಕೊಂಡರಾಯಿತು.”

ಅವರ ಮುಖ ನೋಡಬೇಕಿತ್ತು. ತಮ್ಮ ಕೈಕಾಲು ಗಟ್ಟಿಯಿರುವಾಗ, ತಮ್ಮ ಮೆಟ್ಟಿಲನ್ನು ಪರರಿಂದ ಒರೆಸಿ, ಅದಕ್ಕೆ ತಾವೇ ದುಡ್ಡು ಕೊಡುವುದು! ಶ್ವಾಬಿಯನ್ನನಿಗೆ ಇದಕ್ಕಿಂತ ಭೀಕರವಾದ ಶಾಪವನ್ನು ಯಾವ ಋಷಿಯೂ ಕೊಟ್ಟಿರಲಾರ.

“ನೀವು ಹಾಗೆ ಮಾಡುವುದಿಲ್ಲ,” ಎಂದರು.

“ನನಗೆ ತೆರಿಗೆಯಲ್ಲಿ ಬಿಡುತ್ತಾರೆ. ಬಾಡಿಗೆಗೆ ಕೊಟ್ಟ ಮನೆಯಲ್ಲವೇ? ನಿಮಗೆ ಬಿಡುವುದಿಲ್ಲ, ಪಾಪ.”

ಅವರು ಬಾಗಿಲು ಮುಚ್ಚಿದರು. ಆದರೆ ಮೇಷ್ಟರ ಮನೆಯ ಮುಂದಿನ ಪಾಳಿ ಮುಗಿದಾಗ ಮೆಟ್ಟಿಲಿಳಿದು ಬಂದ ಫಲಕ ನಡುಮಹಡಿಯಲ್ಲಿ ನಿಂತಿತು.

ಆ ವಾರದ ಕೊನೆಯ ದಿನ, ಬಚ್ಚಲಿನ ನಲ್ಲಿ ನೋಡಲೆಂದು ನಾನು ಅಲ್ಲಿಗೆ ಹೋಗಿದ್ದೆ. ನಲ್ಲಿ ನೆಪ, ಅದು ನಿಮಗೂ ಗೊತ್ತು ನನಗೂ ಗೊತ್ತು. ಮೆಟ್ಟಿಲಿಗೆ ಸೋಪಿನ ವಾಸನೆ ಹತ್ತಿತ್ತು. ಫ್ರಾವ್ ಕ್ರೇಮರ್ ತನ್ನ ಬಾಗಿಲಿನಿಂದ ಫಲಕವನ್ನು ಬಿಚ್ಚಿ, ಏಪ್ರನ್ನಿನ ಅಂಚಿನಲ್ಲಿ ಒರೆಸಿ, ಕೆಳಗಿಳಿದಳು. ಅದನ್ನು ಸದ್ದಿಲ್ಲದೆ ಮುಂದಿನ ಮೊಳೆಗೆ ತೂಗುಹಾಕಿ ಬರುವುದು ಆ ಕಟ್ಟಡದ ರೂಢಿ. ಅವಳು ಹಾಗೆ ಮಾಡಲಿಲ್ಲ. ಬೋಯರ್ಲೆಯವರ ಗಂಟೆ ಒತ್ತಿದಳು. ಬಾಗಿಲು ತೆರೆಯುವವರೆಗೂ ಕಾದಳು. ತೆರೆದಾಗ ಎರಡೂ ಕೈಯಲ್ಲಿ ಅದನ್ನು ಮುಂದೆ ಹಿಡಿದಳು.

“ಹೆರ್ ಬೋಯರ್ಲೆ, ಈ ವಾರ ನಿಮ್ಮದು.”

ಅವರ ಕಣ್ಣು ಅವಳ ಹೆಗಲ ಮೇಲಿಂದ ನನ್ನನ್ನು ಹುಡುಕಿತು, ಮಾಲೀಕನೊಬ್ಬ ಇನ್ನೊಬ್ಬ ಮಾಲೀಕನನ್ನು ಹುಡುಕುವ ರೀತಿಯಲ್ಲಿ. ನಾನು ಮೆಟ್ಟಿಲು ನೋಡುತ್ತಿದ್ದೆ. ಅವಳ ಕೈ ಕೆಳಗಿಳಿಯಲಿಲ್ಲ. ಕೊನೆಗೆ ಅವರೇ ಕೈ ಚಾಚಿ ತೆಗೆದುಕೊಂಡು, ಎಲ್ಲ ನೆರೆಯವರಿಗೂ ಹೇಳುವ ದನಿಯಲ್ಲಿ, ಧನ್ಯವಾದ ಎಂದರು.